ಒಂದೇ ಬಳಿಯ ಬಳ್ಳಿಗಳು

ಈ ಹಣ್ಣಿಗೆ ನಮ್ಮ ಬಂಟ್ವಾಳದ ಕಡೆ ಸರಿಯಾದ ಹೆಸರೊಂದು ಇನ್ನೂ ಕೂತಿಲ್ಲ. ಕೆಲವರಿಗೆ ಶರ್ಬತ್ತಿನ ಹಣ್ಣು, ಕೆಲವರಿಗೆ ಜ್ಯೂಸಿನ ಹಣ್ಣು, ಹೆಚ್ಚಿನವರಿಗೆ ಫ್ಯಾಶನ್ ಫ್ರೂಟ್. ನಾನೂ ಬಹಳ ಕಾಲ ಇದು ಫ್ಯಾಶನ್ನಿಗೆ ಬೆಳೆಸುವ ಹಣ್ಣೇ ಅಂದುಕೊಂಡಿದ್ದೆ. ಈಗ ಯಾರ ಮನೆಗೆ ಹೋದರೂ ಅಂಗಳ ದಾಟುವ ಮೊದಲೇ ರಂಬುಟಾನ್, ಮ್ಯಾಂಗೋಸ್ಟೀನ್ ಕಥೆ ಶುರುವಾಗುತ್ತದಲ್ಲ. ನನ್ನಲ್ಲಿ ಹಾಗೆ ಹೇಳಿಕೊಳ್ಳಲಿಕ್ಕೆ ಒಂದು ತೊಂಡೆ ಚಪ್ಪರ ಬಿಟ್ಟರೆ ಏನೂ ಇರಲಿಲ್ಲ. ನಿವೃತ್ತನಾದ ವರ್ಷ ಜಾತ್ರೆಗೆ ಬಂದಿದ್ದ ಗಿಡದ ವ್ಯಾಪಾರಿಯಿಂದ ಒಂದು ಬಳ್ಳಿ ತಂದೆ. “ನೆಟ್ಟು ಮರೆತುಬಿಡಿ ಮಾಸ್ಟ್ರೇ, ಅದರಷ್ಟಕ್ಕೆ ಬೆಳೀತದೆ” ಅಂದಿದ್ದ.

ಬೆಳೆಯಿತು, ಸುಳ್ಳಲ್ಲ. ನಮ್ಮದು ಮುರಕಲ್ಲಿನ ನೆಲ, ಒಂದಡಿ ಅಗೆದರೆ ಪಿಕ್ಕಾಸು ಠಣ್ಣೆನ್ನುತ್ತದೆ. ಹಟ್ಟಿಗೊಬ್ಬರ, ಸುಡುಮಣ್ಣು ಸೇರಿಸಿ ದಿಬ್ಬ ಮಾಡಿ ನೆಟ್ಟೆ. ಆಟಿಯ ಮಳೆಗೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಬಳ್ಳಿಯ ಕಥೆ ಮುಗಿಯಿತು, ಅದೊಂದೇ ಜಾಗ್ರತೆ. ಉಳಿದ ಯಾವ ಉಪಚಾರವನ್ನೂ ಅದು ಕೇಳಲಿಲ್ಲ. ಅಡಿಕೆ ಸಲಾಕೆಯ ಚಪ್ಪರ ತುಂಬಿ, ಬಟ್ಟೆ ಒಣಗಿಸುವ ತಂತಿ ಹಿಡಿದು, ನಾವು ಮಗಳ ಮನೆಗೆ ಹೋಗಿ ಬರುವಷ್ಟರಲ್ಲಿ ಬಚ್ಚಲಿನ ಹಂಚು ಏರಿ ಕೂತಿತ್ತು. ಹುಮ್ಮಸ್ಸು ಬಂದು ಅದರದೇ ಗೆಲ್ಲು ತುಂಡು ಮಾಡಿ ಇನ್ನೆರಡು ಬಳ್ಳಿ ಎಬ್ಬಿಸಿದೆ.

ಹೂ ಬಿಟ್ಟಿತು ನೋಡಿ! ಮಧ್ಯಾಹ್ನದ ಊಟದ ಹೊತ್ತಿಗೆ ಅರಳುತ್ತದೆ, ನಾವು ಮಲಗುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ, ಮರುದಿನವಿಲ್ಲ. ಬಿಳಿ ಎಸಳಿನ ಮೇಲೆ ನೇರಳೆ ಎಳೆಗಳ ಚಕ್ರ, ನಡುವೆ ಐದು ಕೇಸರ, ಅದರ ಮೇಲೆ ಮೂರು ಶಲಾಕೆ. ನನ್ನ ಹೆಂಡತಿ ಕಂಡ ಕೂಡಲೇ “ಇದು ನಮ್ಮ ಕೃಷ್ಣಕಮಲದ ದಾಯಾದಿಯೇ” ಅಂದಳು. ಸುತ್ತಲಿನ ಎಳೆಗಳು ನೂರು ಕೌರವರು, ಐದು ಪಾಂಡವರು, ಮೇಲಿನ ಮೂರು ತ್ರಿಮೂರ್ತಿಗಳು. ಕೌರವರನ್ನು ಎಣಿಸಿಯೇ ಬಿಡುವ ಎಂದು ಕೂತವನಿಗೆ ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು.

ಆಚೆ ಮನೆಯ ಬಾಯಮ್ಮ ಕಂಪೌಂಡಿನ ಮೇಲಿಂದ ಬಗ್ಗಿ ನೋಡಿ, “ಅಲ್ಲ ಮಾಸ್ಟ್ರೇ, ಅದು ಏಸುಸ್ವಾಮಿಯ ಮುಳ್ಳಿನ ಕಿರೀಟ” ಅಂದರು. ಐದು ಗಾಯ, ಮೂರು ಮೊಳೆ, ಬಳ್ಳಿಯ ಕುಡಿಗಳೇ ಚಾಟಿ. ಫ್ಯಾಶನ್ ಅಲ್ಲ, ಪ್ಯಾಶನ್. ಅಂದರೆ ಕ್ರಿಸ್ತನ ಯಾತನೆ ಎಂದು ನನಗೆ ತಿಳಿದದ್ದು ಆ ದಿನ. ದಕ್ಷಿಣ ಅಮೆರಿಕದ ಈ ಬಳಗದ ಹೂಗಳಲ್ಲಿ ಸ್ಪೇನಿನ ಪಾದ್ರಿಗಳು ಶಿಲುಬೆಯ ಕಥೆ ಕಂಡರು. 1753ರಲ್ಲಿ ಲಿನ್ನೇಯಸ್ ಅದನ್ನೇ ಲ್ಯಾಟಿನ್ನಿನಲ್ಲಿ ಪ್ಯಾಸಿಫ್ಲೋರಾ ಎಂದು ಬರೆದಿಟ್ಟ. ಒಂದು ಕಂಪೌಂಡಿನ ಈಚೆ ಕುರುಕ್ಷೇತ್ರ, ಆಚೆ ಶಿಲುಬೆ. ಹೂವಿಗೆ ಎರಡೂ ಗೊತ್ತಿರಲಿಲ್ಲ. ಕಾಯಿ ಕಚ್ಚುವುದಂತೂ ಗೊತ್ತೇ ಇರಲಿಲ್ಲ.

ಮೂರು ಬಳ್ಳಿಗಳಲ್ಲಿ ದಿನಕ್ಕೆ ಮೂವತ್ತು ನಲವತ್ತು ಹೂ. ಬೆಳಿಗ್ಗೆ ಗುಡಿಸಿದರೆ ಅಷ್ಟೂ ಹಿಡಿಸೂಡಿಗೆ. ಮಳೆಗಾಲದಲ್ಲಾದರೆ ಪರಾಗ ಒದ್ದೆಯಾಗಿ ಒಡೆದು ಹಾಳಾಯಿತು ಅನ್ನಬಹುದು. ಇದು ಬಿಸಿಲು. ಗೊಬ್ಬರ ಹಾಕಿದೆ, ಬೂದಿ ಹಾಕಿದೆ, ಕೊನೆಗೆ ಬೈದೆ. ನನ್ನ ಜೊತೆ ಕೆಲಸಕ್ಕಿದ್ದ ಶೆಟ್ರು ಒಮ್ಮೆ ಬಂದವರು ಚಹಾ ಕುಡಿಯುತ್ತಾ ಕೇಳಿದರು: “ಮೂರೂ ಎಲ್ಲಿಯದು?” ಒಂದರದ್ದೇ ಗೆಲ್ಲು ಎಂದೆ. ಅವರು ಲೋಟ ಕೆಳಗಿಟ್ಟು ನಕ್ಕರು. “ಮತ್ತೆ ಹೇಗೆ ಆಗ್ತದೆ ಮಾರಾಯ್ರೆ? ಮೂರೂ ಒಂದೇ ಬಳಿ!”

ತುಳುನಾಡಿನಲ್ಲಿ ಒಂದೇ ಬಳಿಯವರೊಳಗೆ ಮದುವೆಯಿಲ್ಲ. ಹಳದಿ ಪ್ಯಾಶನ್ ಹಣ್ಣಿನ ಬಳ್ಳಿಯೂ ಅದೇ ಕಟ್ಟುಪಾಡಿನದ್ದು. ತನ್ನ ಪರಾಗವನ್ನು ತಾನು ಒಲ್ಲದು. ಗೆಲ್ಲಿನಿಂದ ಎಬ್ಬಿಸಿದ್ದು ನೂರಿದ್ದರೂ ಅದರ ಲೆಕ್ಕಕ್ಕೆ ತಾನೇ. ಘಟ್ಟದ ಮೇಲಿನ ತಂಪಿಗೆ ಒಗ್ಗುವ ಕೆನ್ನೀಲಿ ಜಾತಿಗೆ ಸಾಮಾನ್ಯವಾಗಿ ಇಷ್ಟು ಮಡಿಯಿಲ್ಲ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಹಳದಿಗೂ ಕೆನ್ನೀಲಿಗೂ ಸಂಬಂಧ ಮಾಡಿಸಿ ‘ಕಾವೇರಿ’ ಎಂಬ ತಳಿಯನ್ನೇ ತಂದಿದ್ದಾರೆ. ನಮ್ಮ ಸೆಕೆಗೆ ಮಾತ್ರ ಹಳದಿಯೇ ಸೈ, ಅದರ ಹಟವೇ ಸೈ.

“ದಲ್ಲಾಳಿ ಯಾರು ನಿಮ್ಮಲ್ಲಿ?” ಎಂದು ಶೆಟ್ರು ಮತ್ತೆ ಕೇಳಿದರು. ಈ ಹೂವಿಗೆ ಜೇನುನೊಣ ಸಾಲದು. ಪರಾಗ ಕದ್ದುಕೊಂಡು ಅಡಿಯಿಂದಲೇ ಜಾರಿಕೊಳ್ಳುತ್ತದೆ. ಕೇಸರಕ್ಕೂ ಶಲಾಕೆಗೂ ಒಟ್ಟಿಗೆ ಬೆನ್ನು ಉಜ್ಜಬೇಕಾದರೆ ಮರ ಕೊರೆಯುವ ಆ ದಪ್ಪ ಕಪ್ಪು ದುಂಬಿಯೇ ಬೇಕು. ನಾನು ಸುಮ್ಮನಾದೆ. ಅದೇ ದುಂಬಿ ಚಾವಡಿಯ ಪಕ್ಕಾಸು ಕೊರೆಯುತ್ತದೆಂದು ಕಳೆದ ಎರಡು ತಿಂಗಳಿಂದ ತೂತಿಗೆ ಸೀಮೆಎಣ್ಣೆಯ ಹತ್ತಿ ತುರುಕುತ್ತಿದ್ದವನು ನಾನೇ.

ದುಂಬಿ ಮರಳುವವರೆಗೆ ದಲ್ಲಾಳಿ ಕೆಲಸ ನನ್ನ ಪಾಲಿಗೆ ಬಂತು. ಬಾಯಮ್ಮನ ಬಾವಿಕಟ್ಟೆಯ ಹತ್ತಿರವೂ ಒಂದು ಬಳ್ಳಿ ಇತ್ತು, ಬೆಳ್ತಂಗಡಿಯ ತಂಗಿ ಮನೆಯಿಂದ ತಂದ ಬೀಜದ್ದು. ಅದೂ ಒಂಟಿ, ಅದರಲ್ಲೂ ಹೂ ಮಾತ್ರ. ಮಧ್ಯಾಹ್ನ ಎರಡು ಗಂಟೆಗೆ, ಊರೆಲ್ಲ ಉಂಡು ಮಲಗಿದ ಮೇಲೆ, ನಾನು ಅಲ್ಲಿಂದ ಹತ್ತು ಹೂ ಕೆಸುವಿನ ಎಲೆಯಲ್ಲಿಟ್ಟುಕೊಂಡು ಬರುತ್ತಿದ್ದೆ. ಅರಳಿದಾಗ ಶಲಾಕೆಗಳು ನೆಟ್ಟಗಿರುತ್ತವೆ. ಗಂಟೆಯೊಳಗೆ ನಿಧಾನಕ್ಕೆ ಕೆಳಗೆ ಬಾಗಿ ಕೇಸರದ ಮಟ್ಟಕ್ಕೆ ಬರುತ್ತವೆ. ಆಗ ಆಚೆ ಹೂವಿನ ಕೇಸರ ಕಿತ್ತು ಮೂರಕ್ಕೂ ಮೆಲ್ಲಗೆ ಸವರಬೇಕು. ಬೆರಳಿಗೆ ಅರಸಿನದಂಥ ಹುಡಿ. ಇಲ್ಲಿಂದ ಹತ್ತು ಹೂ ವಾಪಸು ಬಾಯಮ್ಮನಲ್ಲಿಗೆ. “ನಿಮಗೆ ಶಾಲೆಯಲ್ಲೂ ಇಷ್ಟು ಶ್ರದ್ಧೆ ಇತ್ತಾ ಮಾಸ್ಟ್ರೇ?” ಎಂದು ಅವರು ಕೇಳಿದ್ದಕ್ಕೆ ನನ್ನ ಹೆಂಡತಿ ಈಚೆಯಿಂದಲೇ ಉತ್ತರ ಕೊಟ್ಟಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ನಾಲ್ಕನೇ ದಿನಕ್ಕೆ ಹೂವಿನಡಿಯಲ್ಲಿ ಹಸಿರು ಗುಂಡು ಉಬ್ಬಿತು. ಎರಡು ತಿಂಗಳ ಮೇಲೆ ಸ್ವಲ್ಪ ದಿನ ಕಳೆದು, ಒಂದು ಇರುಳು ಬಚ್ಚಲ ಬದಿಯ ಟರ್ಪಾಲಿನ ಮೇಲೆ ಟಪ್ ಎಂದಿತು. ಇದನ್ನು ಕೊಯ್ಯಲಿಕ್ಕಿಲ್ಲ, ಹಣ್ಣಾದರೆ ತಾನೇ ಬೀಳುತ್ತದೆ. ಎರಡು ದಿನ ಇಟ್ಟು ಸಿಪ್ಪೆ ಸುಕ್ಕಿದ ಮೇಲೆ ಒಡೆದರೆ ಹುಳಿ ಒಂದಿಷ್ಟು ಇಳಿದಿರುತ್ತದೆ. ಈಗ ವಾರಕ್ಕೆ ಒಂದು ಬುಟ್ಟಿ. ಶರಬತ್ತಾದ ಮೇಲೆ ಸಿಪ್ಪೆ ಬೇಯಿಸಿ ಗೊಜ್ಜು. ಅದರ ಒಂದು ಪಾಲು ಕಂಪೌಂಡಿನ ಆಚೆಗೆ.

ದುಂಬಿಗಳೂ ಬಂದಿವೆ. ಪಕ್ಕಾಸು ಉಳಿಯಲಿ ಎಂದು ಚಪ್ಪರದ ಬುಡಕ್ಕೆ ಒಣಗಿದ ಹಾಲುವಾಣದ ಮೆತ್ತನೆ ತುಂಡೊಂದನ್ನು ಅವಕ್ಕಾಗಿಯೇ ಕಟ್ಟಿದೆ. ಒಂದು ದುಂಬಿ ಅದರ ಸುತ್ತ ಎರಡು ಸುತ್ತು ಹಾಕಿ, ಹೂವಿನಿಂದ ಹೂವಿಗೆ ಹೋಗಿ, ಬೆನ್ನು ಹಳದಿ ಮಾಡಿಕೊಂಡು ನೇರ ಚಾವಡಿಗೆ ಹಾರಿ ಹಳೆಯ ಪಕ್ಕಾಸಿಗೇ ಬಾಯಿ ಹಾಕಿತು. ಪೇಪರಿನ ಮೇಲೆ ಮರದ ಹುಡಿ ಉದುರತೊಡಗಿತು. ನಾನು ಪೇಪರು ಕೊಡವಿ ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡೆ.