ಓಡಿದ್ರ ತಂಪ, ನಿಂತ್ರ ಕುಲುಮಿ

ನಮ್ಮ ಕಲಬುರಗಿ ಬ್ಯಾಸಗಿ ನಿಮಗ ಹೇಳೂದೇ ಬ್ಯಾಡ. ವಾರಕ್ಕ ಎರಡು ಸಲ ಅತ್ತಿಯವರನ್ನ ಡಯಾಲಿಸಿಸ್‌ಗೆ ಕರಕೊಂಡು ಹೋಗಬೇಕು. ಬರೂ ಮುಂದ ಅವರಿಗೆ ಕೂಡಲಿಕ್ಕೂ ತ್ರಾಣ ಇರಂಗಿಲ್ಲ. ಅಂಥಾದ್ರಾಗ ನಮ್ಮ 2009ರ ಕಾರಿನ ಏಸಿ ಬಿಸಿ ಗಾಳಿ ಊದಲಿಕ್ಕೆ ಹತ್ತಿತು. ಗ್ಯಾರೇಜಿನಂವ "ಗ್ಯಾಸ್ ಮುಗದದ್ರೀ" ಅಂತ ತುಂಬಿ ರೊಕ್ಕ ಇಸಗೊಂಡ. ಅವತ್ತೇ ಸಂಜೀಕ ಮತ್ತ ಅದೇ ಹಾಡು.

ನಾ ಹಿಂದ ಕೂತು ಅತ್ತಿಯವರಿಗೆ ಪೇಪರಲೇ ಗಾಳಿ ಹಾಕೋತ ನೋಡಿದೆ. ಗಾಡಿ ಜೋರು ಓಡಿದ್ರ ತಂಪ, ಸಿಗ್ನಲ್‌ದಾಗ ನಿಂತ್ರ ಬಿಸಿ. ಹೇಳಿದ್ರ ನಮ್ಮವರು ನಕ್ಕರು. ಮನಿ ಮುಂದ ಬಾನೆಟ್ ತಗಿಸಿ ಏಸಿ ಹಚ್ಚಿಸಿದೆ. ಕಂಪ್ರೆಸರ್ 'ಟಕ್' ಅಂತು, ಖರೆ ಮುಂದಿನ ಎರಡು ಫ್ಯಾನ್‌ದಾಗ ಒಂದು ತಿರಗಲೇ ಇಲ್ಲ. (ಕೈ ಮಾತ್ರ ಹಾಕಬ್ಯಾಡ್ರಿ ವೈನಿ, ಅದು ಯಾವಾಗ ತಿರಗತದ ಹೇಳಲಿಕ್ಕ ಬರಂಗಿಲ್ಲ.) ಫ್ರಿಜ್ ಹಿಂದಿನ ಜಾಳಗಿ ಬಿಸಿ ಆಗತದಲ್ಲ, ಕಾರಿನಾಗ ಅದು ಮುಂದ ಇರತದ, ಕಂಡೆನ್ಸರ್ ಅಂತಾರ. ಓಡೂ ಮುಂದ ಗಾಳಿ ತಾನೇ ಬಡೀತದ, ನಿಂತಾಗ ಫ್ಯಾನೇ ಬೇಕು.

ಬ್ಯಾರೆ ಮೆಕ್ಯಾನಿಕ್ ಫ್ಯೂಜ್, ರಿಲೇ ನೋಡಿ, ಬ್ಯಾಟರಿಯಿಂದ ಫ್ಯಾನಿಗೆ ನೇರ ವೈರ್ ಕೊಟ್ಟ. ಆದ್ರೂ ತಿರಗಲಿಲ್ಲ. ಮೋಟರ್ ಸುಟ್ಟಿತ್ತು, ಬದಲಿಸಿದ. ಗ್ಯಾಸ್ ಏನು ಚಿಮಣಿ ಎಣ್ಣಿ ಅಲ್ಲ ಉರದು ಮುಗೀಲಿಕ್ಕೆ. ಕಡಿಮಿ ಆಗೇದ ಅಂದ್ರ ಎಲ್ಲೋ ಸೋರತದ ಅಂತ ಅವನೇ ಹೇಳಿದ.

ಮುಂದಿನ ಸಲ ಸಿಗ್ನಲ್‌ದಾಗ ಅತ್ತಿಯವರು ಸೆರಗು ಹೊದ್ದಕೊಂಡು, "ಸ್ವಲ್ಪ ಕಡಿಮಿ ಮಾಡವಾ, ಥಂಡಿ ಆಗ್ಲಿಕತ್ತದ" ಅಂದ್ರು.