ಮುಚ್ಚಳದ ಪ್ರಸಂಗ

ನಮ್ಮ ಹಾಲಾಡಿಯ ಕಡೆ ವ್ಯಾನು ಇಟ್ಟುಕೊಂಡವರು ಅದಕ್ಕೆ ಮಾಡುವ ಉಪಚಾರ ಕಂಡರೆ ಮನೆಯ ಹೆಂಗಸರಿಗೆ ಹೊಟ್ಟೆಕಿಚ್ಚಾಗಬೇಕು. ಆಯುಧಪೂಜೆಗೆ ಮೀಯಿಸಿ, ಗೊಂಡೆ ಹೂವಿನ ಮಾಲೆ ಹಾಕಿ, ನಾಲ್ಕು ಗಾಲಿಗೂ ಲಿಂಬೆಹಣ್ಣು ಇಡುತ್ತಾರೆ. ಆದರೆ ರೇಡಿಯೇಟರಿನ ಬಾಯಿಗೆ ಕೂತ, ಅಂಗೈಯಲ್ಲಿ ಹಿಡಿಸುವ ಆ ತಗಡಿನ ಮುಚ್ಚಳವನ್ನು ಒಮ್ಮೆಯಾದರೂ ತಿರುಗಿಸಿ ನೋಡಿದವರು ಕಡಿಮೆ. ಕೇಳಿದರೆ, "ಮುಚ್ಚಳ ಅಲ್ದಾ, ಅದ್ಕೆಂತ ಆತ್ತ್?" ಎನ್ನುತ್ತಾರೆ.

ನಮ್ಮ ಅಡುಗೆಮನೆಯಲ್ಲಿ ಈ ಮಾತು ನಡೆಯುವುದಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿಯಾಗಿ ಬದಿಯಿಂದ ಬುಸ್ಸೆಂದರೆ ಬೇಳೆ ಬೇಯುವುದಿಲ್ಲ ಎಂದು ಮದುವೆಯಾದ ವಾರಕ್ಕೇ ಕಲಿಯುತ್ತೇವೆ. ಸದ್ದು ಮಾಡುವಾಗ ಮುಚ್ಚಳಕ್ಕೆ ಕೈ ಹಾಕಬಾರದೆಂದು ಅದಕ್ಕೂ ಮೊದಲೇ ಗೊತ್ತಿರುತ್ತದೆ. ನಾನು ಸಮಾಜ ಪಾಠದವಳು, ವಿಜ್ಞಾನ ನನ್ನ ವಿಷಯವಲ್ಲ. ಆದರೂ 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರಾನ್ಸಿನವನು ಮೂಳೆಯನ್ನೂ ಮೆತ್ತಗೆ ಮಾಡುವ ಮುಚ್ಚಿದ ಪಾತ್ರೆ ಮಾಡಿದ, ಅದು ಸಿಡಿಯದಂತೆ ಭಾರದ ಬಾಯಿಮುಚ್ಚಳವನ್ನೂ ಇಟ್ಟ ಎಂಬಷ್ಟು ಚರಿತ್ರೆ ನನಗೆ ಗೊತ್ತು. ಆ ಪಾತ್ರೆಯ ಮೊಮ್ಮಗಳು ನಮ್ಮ ಕುಕ್ಕರ್. ರೇಡಿಯೇಟರಿನ ಮುಚ್ಚಳವೂ ಅದೇ ಬಳಗದ್ದು ಎಂದು ತಿಳಿದದ್ದು ಬಾಳೆಬರೆ ಘಾಟಿಯಲ್ಲಿ.

2013ರ ಡಿಸೆಂಬರಿನಲ್ಲಿ 9 ಮಕ್ಕಳನ್ನು ಕರೆದುಕೊಂಡು ಕುಪ್ಪಳಿಗೆ ಹೊರಟಿದ್ದೆವು, ಕುವೆಂಪು ಅವರ ಮನೆ, ಕವಿಶೈಲ ತೋರಿಸಲು. ಬಾಡಿಗೆಯ ವ್ಯಾನು, ಓಡಿಸುವವ ನನ್ನ ಹಳೆಯ ವಿದ್ಯಾರ್ಥಿ. ಶಂಕರನಾರಾಯಣ, ಸಿದ್ದಾಪುರ, ಹೊಸಂಗಡಿ ದಾಟಿ ಘಾಟಿ ಏರತೊಡಗಿದ ಮೇಲೆ ಬಿಸಿಯ ಸೂಜಿ ಮೇಲೇರಿತು. ಘಾಟಿಯೆಂದರೆ ಹಾಗೆಯೇ, ಎಂಜಿನ್ನಿಗೆ ದುಡಿಮೆ ಜಾಸ್ತಿ, ಗಾಡಿ ನಿಧಾನವಾದ್ದರಿಂದ ರೇಡಿಯೇಟರಿಗೆ ಗಾಳಿ ಕಡಿಮೆ. ಹುಡುಗ ಬದಿಗೆ ನಿಲ್ಲಿಸಿ, "ಟೀಚರ್, ಒಂದ್ ಚೂರ್ ನೀರ್ ಹೊಯ್ರೆ ಸೈ" ಎನ್ನುತ್ತಾ ಇಳಿದ. ನಾನು ಹಿಂದಿನ ಸೀಟಿನಲ್ಲಿ ವಾಂತಿ ಮಾಡುತ್ತಿದ್ದ ಹುಡುಗಿಯ ಬೆನ್ನು ನೀವುತ್ತಿದ್ದೆ. ಅವನ ಕೂಗು ಕೇಳಿ ಇಳಿಯುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಮುಖ ಆಚೆ ತಿರುಗಿಸಿದ್ದರಿಂದ ಕಣ್ಣು ಉಳಿಯಿತು. ಬಲಗೈ ಮೊಣಕೈವರೆಗೆ ಬೆಂದಿತ್ತು.

ಅಲ್ಲೇ ನಿಂತ ಜೀಪಿನವರಲ್ಲಿ ಒಬ್ಬರು ಟೂತ್‌ಪೇಸ್ಟ್ ಹಚ್ಚಿ ಎಂದರು, ಇನ್ನೊಬ್ಬರು ಶಾಯಿ ಎಂದರು. ನಾನು ಯಾವುದಕ್ಕೂ ಬಿಡಲಿಲ್ಲ. ರಸ್ತೆ ಬದಿಯ ತೊರೆಯಲ್ಲಿ ನೀರು ಹರಿಯುತ್ತಿತ್ತು. ಮಕ್ಕಳು ತಮ್ಮ ಬಾಟಲಿಗಳಲ್ಲಿ ಹಿಡಿದು ತಂದು ಕೊಟ್ಟರು, 20 ನಿಮಿಷ ಗಡಿಯಾರ ನೋಡಿಕೊಂಡು ಕೈಮೇಲೆ ಹೊಯ್ದೆ. ಆಮೇಲೆ ಅದೇ ಜೀಪಿನಲ್ಲಿ ಅವನನ್ನು ಆಸ್ಪತ್ರೆಗೆ ಕಳಿಸಿದೆವು. ಕುಪ್ಪಳಿಗೆ ಆ ವರ್ಷ ಹೋಗಲಿಲ್ಲ.

ವ್ಯಾನನ್ನು ಎಳೆದು ತಂದ ಗ್ಯಾರೇಜಿನಲ್ಲಿ ಆ ಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡಿದೆ. ಒಳಗೊಂದು ಬಲವಾದ ಸ್ಪ್ರಿಂಗು, ಅದರ ತುದಿಗೆ ರಬ್ಬರಿನ ಬಳೆ, ನಡುವೆ ಪುಟ್ಟದೊಂದು ಹಿತ್ತಾಳೆಯ ಬಿಲ್ಲೆ. ತಲೆಯ ಮೇಲೆ 0.9 ಎಂದು ಅಚ್ಚು. ಗ್ಯಾರೇಜಿನವರು ತಾಳ್ಮೆಯಿಂದ ಹೇಳಿದರು. ಸ್ಪ್ರಿಂಗು ಒತ್ತಿ ಹಿಡಿದಷ್ಟು ಹೊತ್ತು ಒಳಗಿನ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 0.9ರ ಒತ್ತಡದಲ್ಲಿ ಸುಮಾರು 118ರವರೆಗೆ ತಾಳುತ್ತದೆ. ಒತ್ತಡ ಅದಕ್ಕೂ ಮೀರಿದರೆ ಬಳೆ ಎದ್ದು, ಹೆಚ್ಚಿನ ನೀರು ಸಣ್ಣ ಕೊಳವೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗೆ ಹೋಗುತ್ತದೆ. ಎಂಜಿನ್ ತಣಿದಾಗ ನಡುವಿನ ಬಿಲ್ಲೆ ತೆರೆದು ಅದೇ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬಿಸಿಯಲ್ಲಿ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಗೇ ಇಳಿದು, 100 ದಾಟಿದ ನೀರು ಅದೇ ಕ್ಷಣ ಉಕ್ಕಿ ಆವಿಯಾಗಿ ಹಾರುತ್ತದೆ, ಯಕ್ಷಗಾನದ ಬಣ್ಣದ ವೇಷದ ಪ್ರವೇಶದ ಹಾಗೆ.

ಆ ಮುಚ್ಚಳದ ರಬ್ಬರು ಹಳೆಯ ಹಪ್ಪಳದಂತೆ ಬಿರಿದಿತ್ತು. ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತಿತ್ತು, ಸೋರುತ್ತಿತ್ತು. ಸುತ್ತ ತುಕ್ಕಿನ ಬಣ್ಣದ ಕರೆ ಕಟ್ಟಿತ್ತು. ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಕುಡಿಯುವ ಗಾಡಿ ಅದು, ಯಜಮಾನರಿಗೂ ಗೊತ್ತಿತ್ತು. ಆದರೂ ಅವರು ಅರ್ಧ ಬಿಲ್ಲು ಕೊಟ್ಟು, "ಹುಡ್ಗನ್ ಅವಸರ" ಎಂದುಬಿಟ್ಟರು. ಬಿಸಿ ಎಂಜಿನ್ನಿನ ಮುಚ್ಚಳ ತೆಗೆದದ್ದು ಅವನೇ, ಇಲ್ಲವೆನ್ನುವುದಿಲ್ಲ. ಆದರೆ ತಿಂಗಳುಗಟ್ಟಲೆ ಚೊಂಬು ಹಿಡಿದು, ನೂರಿನ್ನೂರು ರೂಪಾಯಿಯ ಮುಚ್ಚಳ ಬದಲಿಸದವರ ನಿಧಾನಕ್ಕೆ ಏನೆನ್ನಬೇಕು? ಮೂರು ತಿಂಗಳು ಅವನ ತಾಯಿ ಒಬ್ಬಳ ಬೀಡಿಯ ದುಡ್ಡಿನಲ್ಲಿ ಆ ಮನೆ ನಡೆಯಿತು.

ನಿಮ್ಮ ಮನೆಯ ಗಾಡಿಯನ್ನು ಯಾರೇ ಓಡಿಸಲಿ, ನೋಡಲು ನಿಮಗೇನೂ ಅಡ್ಡಿಯಿಲ್ಲ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಬಟ್ಟೆ ಹಿಡಿದು ತಿರುಗಿಸಿ. ರಬ್ಬರು ಮೆತ್ತಗಿದೆಯೇ, ಸ್ಪ್ರಿಂಗು ಒತ್ತಿದರೆ ಹಿಂದಕ್ಕೆ ಪುಟಿಯುತ್ತದೆಯೇ, ನಡುವಿನ ಬಿಲ್ಲೆಯನ್ನು ಉಗುರಿನಿಂದ ಎಳೆದು ಬಿಟ್ಟರೆ ಟಪ್ಪೆಂದು ಕೂರುತ್ತದೆಯೇ? ಮುಚ್ಚಳ ಕೂರುವ ಬಾಯಿಯ ಅಂಚನ್ನೂ ಒರೆಸಿ. ರಾತ್ರಿ ತಣಿದ ಮೇಲೆ ರಬ್ಬರಿನ ಪೈಪು ಚಪ್ಪಟೆಯಾಗಿದ್ದರೆ ಆ ಪುಟ್ಟ ಬಿಲ್ಲೆ ಅಂಟಿಕೊಂಡಿದೆ ಎಂದು ಅನುಮಾನಿಸಿ. ದಾರಿಯಲ್ಲಿ ಕುದಿಯಿತೋ, ಎಂಜಿನ್ ನಿಲ್ಲಿಸಿ ಮುಕ್ಕಾಲು ಗಂಟೆಯಾದರೂ ಕೂತುಬಿಡಿ, ಕೈ ಮುಟ್ಟಲಾಗುವಷ್ಟು ತಣಿಯಲಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹವೇ ಬಿರಿಯಬಹುದು. ತೊರೆಯ ನೀರು ಆಪತ್ತಿಗೆ ಸೈ, ಮನೆಗೆ ಬಂದ ಮೇಲೆ ಅದನ್ನು ಬಸಿದು ಕೂಲಂಟ್ ಹಾಕಿಸಬೇಕು.

ಹುಡುಗ ಈಗ ಸ್ವಂತ ವ್ಯಾನು ಇಟ್ಟಿದ್ದಾನೆ. ಕೈಮೇಲೆ ಗೇರುಹಣ್ಣಿನ ಸಿಪ್ಪೆಯಂತೆ ಮಿರುಗುವ ಚರ್ಮ. ಕಳೆದ ಬೇಸಿಗೆಯಲ್ಲಿ ಮುಚ್ಚಳ ಬದಲಿಸಲು ಹೋದಾಗ ಅಂಗಡಿಯವರು 1.1ರದ್ದು ಕೊಟ್ಟು, "ಜಾಸ್ತಿದ್ ಒಳ್ಳೇದಲ್ದಾ?" ಎಂದರಂತೆ. ಇವನ ಗಾಡಿಗೆ ಬೇಕಾದದ್ದು 0.9. ಜಾಸ್ತಿ ಒತ್ತಡಕ್ಕೆ ಹಳೆಯ ಪೈಪು ಒಡೆದೀತೆಂದು ಅದನ್ನು ಅಲ್ಲೇ ಬಿಟ್ಟು, ಕುಂದಾಪುರದಲ್ಲಿ ಇನ್ನೂ ಮೂರು ಅಂಗಡಿ ತಿರುಗಿ ಸರಿಯಾದದ್ದು ತಂದ. ಹಳೆಯದನ್ನು, "ಮಕ್ಕಳಿಗೆ ತೋರ್ಸಿ ಟೀಚರ್" ಎಂದು ನನ್ನ ಮೇಜಿನ ಮೇಲಿಟ್ಟು ಹೋದ.