ಅಂಗಳದ ದೀಪ ಹೇಗಿರಬೇಕು?

ನಮ್ಮ ಉದಗಾಂವದಂಥ ಕೃಷ್ಣಾತೀರದ ಊರಲ್ಲಿ ಚಾತುರ್ಮಾಸ ಬಂತೆಂದರೆ ದೀಪದ ಸುತ್ತ ಹುಳಗಳ ಜಾತ್ರೆ. ಜೀವದಯೆಗಾಗಿ ಹೊತ್ತು ಮುಳುಗುವ ಮುಂಚೆ ಉಣ್ಣುವ ನಾವು, ಇರುಳಿಡೀ ಪ್ರಖರ ದೀಪ ಉರಿಸಿ ಬೆಳಿಗ್ಗೆ ಸತ್ತ ಜೀವಗಳನ್ನು ಗುಡಿಸುವುದು ಸರಿಯೆ? ಹಾಗೆಂದು ಕತ್ತಲಲ್ಲಿ ಇರಲಾಗದು. ಮನೆ, ಅಂಗಡಿ, ಮಾಲು ಕಾಯಬೇಕು.

ಲೆಕ್ಕ ಹಾಕೋಣ. 100 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 12 ತಾಸು ಉರಿದರೆ ತಿಂಗಳಿಗೆ 36 ಯುನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 12 ವ್ಯಾಟಿನ ಎಲ್‌ಇಡಿಗೆ 4.3 ಯುನಿಟ್ ಸಾಕು. ಮಹಾವಿತರಣದ ಮನೆಬಿಲ್ಲಿನಲ್ಲಿ 100 ದಾಟಿದ ಯುನಿಟ್‌ಗಳಿಗೆ ದರ ಏರುತ್ತದೆ, ಮರೆಯಬಾರದು.

ಎಲ್‌ಇಡಿಯಲ್ಲೂ ಅಚ್ಚ ಬಿಳಿ ಬೆಳಕು ಹುಳಗಳನ್ನು ಹೆಚ್ಚು ಸೆಳೆಯುತ್ತದೆ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರುವ ಹಳದಿ ಬೆಳಕೇ ಲೇಸು. ಜತೆಗೆ ಸೆನ್ಸರ್ ಇರಲಿ. ಅದು ಓಡಾಡುವವರ ಮೈಶಾಖ ಗುರುತಿಸಿ ದೀಪ ಹೊತ್ತಿಸುತ್ತದೆ, ತುಸು ಹೊತ್ತಿಗೆ ಆರಿಸುತ್ತದೆ. ಥಟ್ಟನೆ ಹೊತ್ತಿದ ದೀಪಕ್ಕೆ ಕಳ್ಳ ಬೆದರುತ್ತಾನೆ, ನೆರೆಯವರು ಎಚ್ಚರಾಗುತ್ತಾರೆ. ದೀಪದ ಮುಖ ನೆಲಕ್ಕಿರಲಿ. ಮಳೆಗೆ ಒಡ್ಡಿದ್ದಕ್ಕೆ ಐಪಿ 65 ಗುರುತು ನೋಡಿರಿ. 2019, 2021ರ ಮಹಾಪೂರ ಕಂಡ ಶಿರೋಳ ತಾಲೂಕಿನವರು ವೈರು, ಸ್ವಿಚ್ಚು ಎತ್ತರದಲ್ಲೇ ಹಾಕಿಸಿರಿ.

ಬೇಕಾದಾಗ ಬೇಕಾದಷ್ಟೇ ಬೆಳಕು: ಶ್ರಾವಕರಿಗೆ ಇದೂ ಒಂದು ಪರಿಮಾಣ ವ್ರತವೇ.